ಮನೆ ಕಟ್ಟಿ ನೋಡು, ಮಗಳಿಗೆ ರೂಮು ಹುಡುಕಿ ನೋಡು

‘ಇಲ್ಲು ಕಟ್ಟಿ ಚೂಡು, ಪೆಳ್ಳಿ ಚೇಸಿ ಚೂಡು’ ಅಂತ ತೆಲುಗಿನಲ್ಲಿ ಒಂದು ಗಾದೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂತ ಕನ್ನಡದಲ್ಲೂ ಅದೇ ಮಾತು. ಎರಡೂ ಭಾಷೆ ಆಡುವ ನಮ್ಮ ಮಡಕಶಿರಾ ಸೀಮೆಯವರಿಗೆ ಇದು ಎರಡೆರಡು ಸಲ ಕಿವಿಗೆ ಬೀಳುವ ಬುದ್ಧಿವಾದ. ನಾನು ಮನೆಯನ್ನೂ ಕಟ್ಟಿದ್ದೇನೆ, ದೊಡ್ಡ ಮಗಳ ಮದುವೆಯನ್ನೂ ಮಾಡಿದ್ದೇನೆ. ಎರಡರಲ್ಲೂ ಸಾಲ ಆಯಿತು, ಆದರೆ ನಿದ್ದೆ ಕೆಡಲಿಲ್ಲ. ನಿದ್ದೆ ಕೆಟ್ಟಿದ್ದು 2024ರ ಡಿಸೆಂಬರಿನಲ್ಲಿ, ಚಿಕ್ಕ ಮಗಳಿಗೆ ಬೆಂಗಳೂರಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದಾಗ. ಸೀಟು ಸಿಕ್ಕಿತಲ್ಲ ಎಂದು ಊರೆಲ್ಲಾ ಹೇಳಿಕೊಂಡು ಬಂದ ಮೇಲೆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು: “ಅದು ಸರಿ, ಹುಡುಗಿ ಮಲಗೋದು ಎಲ್ಲಿ?”

ಆ ಪ್ರಶ್ನೆಗೆ ಉತ್ತರ ಹುಡುಕಿದ ಕತೆ ಇದು. ಗಡಿನಾಡಿನ ಪ್ರತಿ ಹೋಬಳಿಯಿಂದಲೂ ಈಗ ಹತ್ತಾರು ಮಕ್ಕಳು ಬೆಂಗಳೂರು, ತುಮಕೂರು, ಬಳ್ಳಾರಿ, ಧಾರವಾಡ, ಅನಂತಪುರಗಳಿಗೆ ಓದಲು ಹೋಗುತ್ತಿದ್ದಾರೆ. ಯಾವ ಕಾಲೇಜು, ಯಾವ ವಿಷಯ ಎಂದು ನಾವು ತಿಂಗಳುಗಟ್ಟಲೆ ಯೋಚಿಸುತ್ತೇವೆ. ಎಲ್ಲಿ ಇರಬೇಕು ಎಂಬುದನ್ನು ಮಾತ್ರ ಬಸ್ಸಿಳಿದ ಮೇಲೆ, ಟ್ರಂಕು ಕೈಯಲ್ಲಿ ಹಿಡಿದುಕೊಂಡು ಒಂದು ಮಧ್ಯಾಹ್ನದಲ್ಲಿ ತೀರ್ಮಾನ ಮಾಡುತ್ತೇವೆ. ಆ ಅವಸರದ ಬೆಲೆ ಎಷ್ಟೆಂದು ನನಗೆ ಗೊತ್ತು. ಯಾಕೆಂದರೆ ನನ್ನ ಓದು ಎಸ್‌ಎಸ್‌ಎಲ್‌ಸಿಗೆ ನಿಂತದ್ದೇ ಒಂದು ಕೆಟ್ಟ ರೂಮಿನಿಂದ.

ಎಣ್ಣೆ ಮಿಲ್ಲಿನ ಹಿಂದಿನ ರೂಮು

1986ರ ಮಾತು. ಎಸ್‌ಎಸ್‌ಎಲ್‌ಸಿ ಪಾಸಾಗಿ ಪಕ್ಕದ ಪಟ್ಟಣದ ಕಾಲೇಜಿಗೆ ಸೇರಿದೆ. ಹಾಸ್ಟೆಲಿಗೆ ಅರ್ಜಿ ಹಾಕಬೇಕು ಅಂತ ನಮ್ಮಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಕೊನೆಯ ದಿನ ಕಳೆದಿತ್ತು. ನಮ್ಮೂರಿನ ಕಡ್ಲೆಕಾಯಿ ಮಂಡಿಗೆ ಬರುತ್ತಿದ್ದ ವ್ಯಾಪಾರಿಯೊಬ್ಬರು ‘ನಮ್ಮ ಎಣ್ಣೆ ಮಿಲ್ಲಿನ ಹಿಂದೆ ಒಂದು ಕೋಣೆ ಐತೆ, ಬಾಡಿಗೆ ಹದಿನೈದು ರೂಪಾಯಿ’ ಎಂದರು. ಅಪ್ಪ ಹೊರಗಿನಿಂದ ನೋಡಿ ಒಪ್ಪಿಕೊಂಡರು. ಹೋಗಿದ್ದು ಹಗಲಲ್ಲಿ. ಆವತ್ತು ಮಿಲ್ಲಿಗೆ ರಜೆ.

ಮಾರನೆ ದಿನ ರಾತ್ರಿ ಮಿಲ್ಲು ಶುರುವಾಯಿತು. ಗೋಡೆ ನಡುಗುತ್ತಿತ್ತು. ಬಾವಿ ನೀರು ಉಪ್ಪು. ಮೂರು ಜನ ಹುಡುಗರು ಸೀಮೆಎಣ್ಣೆ ಸ್ಟೌವಿನಲ್ಲಿ ಅನ್ನ ಬೇಯಿಸಿ, ಊರಿಂದ ತಂದ ಕಡ್ಲೆಕಾಯಿ ಚಟ್ನಿಪುಡಿ ಕಲಸಿ ತಿನ್ನುತ್ತಿದ್ದೆವು. ಮೂರನೇ ತಿಂಗಳಿಗೆ ಕಾಮಾಲೆ ಹಿಡಿಯಿತು. ದೀಪಾವಳಿಗೆ ಊರಿಗೆ ಬಂದವನು ವಾಪಸು ಹೋಗಲಿಲ್ಲ. ‘ಓದು ತಲೆಗೆ ಹತ್ತಲಿಲ್ಲ’ ಅಂತ ನೆಂಟರು ಅಂದರು, ನಾನೂ ಹಾಗೇ ಅಂದುಕೊಂಡೆ. ಆಮೇಲೆ ಎಷ್ಟೋ ವರ್ಷ ರಾತ್ರಿ ಹೊತ್ತು ಲಾಟೀನು ಇಟ್ಟುಕೊಂಡು ಎರಡೂ ಭಾಷೆಯಲ್ಲಿ ಪದ್ಯ ಬರೆಯುತ್ತಾ ಕೂತಾಗ ಅನ್ನಿಸಿದ್ದುಂಟು: ಓದಲು ಬಾರದವನು ಇದನ್ನು ಹೇಗೆ ಬರೆದೇನು? ಆವತ್ತು ನನಗೆ ಬೇಕಾಗಿದ್ದುದು ಒಂದು ಕೊಡ ಸಿಹಿನೀರು, ಎಂಟು ಗಂಟೆ ನಿದ್ದೆ, ಅಷ್ಟೆ.

ಆದ್ದರಿಂದ ಮಗಳ ಸರದಿ ಬಂದಾಗ ಹೆಂಡತಿಗೆ ಹೇಳಿದೆ: “ಸೀಟು ಅವಳು ಸಂಪಾದಿಸಿದ್ದಾಳೆ. ರೂಮು ನಾವು ಸರಿಯಾಗಿ ನೋಡೋಣ.” ಹೇಳಿದ್ದು ಸುಲಭ. ಮಾಡಿದ್ದು ಹೇಗೆ ಅಂದರೆ, ಮೊದಲ ಸಲ ನಾನೂ ನಮ್ಮಪ್ಪ ಮಾಡಿದ ತಪ್ಪನ್ನೇ ಮಾಡಿದೆ.

ನಾಲ್ಕು ದಾರಿ

ನಮ್ಮ ಮುಂದೆ ಇದ್ದ ದಾರಿಗಳು ನಾಲ್ಕು. ವಿಶ್ವವಿದ್ಯಾನಿಲಯದ ಹಾಸ್ಟೆಲು ಒಂದು. ಖಾಸಗಿ ಪಿ.ಜಿ. ಎರಡು. ನಾಲ್ಕು ಹುಡುಗಿಯರು ಕೂಡಿ ಬಾಡಿಗೆ ಮನೆ ಹಿಡಿದು ಅಡುಗೆ ಮಾಡಿಕೊಳ್ಳುವುದು ಮೂರು. ನೆಂಟರ ಮನೆ ನಾಲ್ಕು.

ಹೆಂಡತಿಯ ಓಟು ನಾಲ್ಕನೆಯದಕ್ಕೆ. “ನಮ್ಮಣ್ಣನ ಮನೆ ಪೀಣ್ಯದಾಗೆ ಇರೋವಾಗ ದುಡ್ಡು ಕೊಟ್ಟು ಬೇರೆ ಕಡೆ ಯಾಕೆ? ಹುಡುಗಿ ನಮ್ಮವರ ಕಣ್ಣ ಮುಂದೆ ಇರ್ತಾಳೆ” ಅಂದಳು. ನನ್ನ ಭಾವಮೈದ ಒಳ್ಳೆಯವರು, ಅವರೂ “ಕಳ್ಸು ಭಾವ, ನಮ್ಮ ಮಕ್ಕಳ ಜೊತೆ ಅವಳೂ ಒಬ್ಬಳು” ಎಂದರು. ಮಗಳು ಮಾತ್ರ ಬಾಯಿ ಬಿಡಲಿಲ್ಲ. ಹಿತ್ತಲಿಗೆ ಹೋದಾಗ ಹಿಂದೆ ಬಂದು ಮೆಲ್ಲಗೆ ಹೇಳಿದಳು: “ಅಪ್ಪಾ, ಅವರ ಮನೆ ಇರೋದೇ ಎರಡು ಕೋಣೆ. ಟಿ.ವಿ. ಇರೋ ಕೋಣೆಯಲ್ಲಿ ನಾನು ಓದಬೇಕು. ಅತ್ತೆ ಒಬ್ಬರೇ ಪಾತ್ರೆ ತೊಳೀತಿದ್ರೆ ನಾನು ಪುಸ್ತಕ ಹಿಡ್ಕೊಂಡು ಕೂತ್ಕೊಳ್ಳೋಕಾಗುತ್ತಾ? ಮೂರು ದಿನ ನೆಂಟಳು ಅಪ್ಪಾ, ಎರಡು ವರ್ಷ ಅಲ್ಲ.”

ಆ ಮಾತಿನಲ್ಲಿ ಸತ್ಯ ಇತ್ತು. ಹಳೇ ಮೈಸೂರು ಸೀಮೆಯಲ್ಲಿ ಹಿಂದೆ ‘ವಾರಾನ್ನ’ ಎಂಬ ಪದ್ಧತಿಯಿತ್ತು. ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಗಳಲ್ಲಿ ಉಂಡು ಓದುತ್ತಿದ್ದ. ಒಂದೇ ಮನೆಗೆ ಹೊರೆಯಾಗಬಾರದು ಎಂಬ ತಿಳಿವಳಿಕೆ ಆ ಪದ್ಧತಿಯಲ್ಲೇ ಇತ್ತು. ಆಮೇಲೆ ಮಠಗಳೂ ಸಮಾಜದ ಸಂಘಗಳೂ ಉಚಿತ ವಿದ್ಯಾರ್ಥಿನಿಲಯ ಕಟ್ಟಿದವು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ವಸತಿ ಸಿಕ್ಕಿದೆ, ಸಿಗುತ್ತಿದೆ. ನಮ್ಮ ಮಡಕಶಿರಾ, ಪಾವಗಡದ ಕಡೆಯಿಂದಲೂ ಅಲ್ಲಿ ಉಂಡು ಓದಿ ಬಂದವರಿದ್ದಾರೆ. ಕುವೆಂಪು ಅವರು ಮೈಸೂರಿನಲ್ಲಿ ಓದುವಾಗ ಅವರಿಗೆ ನೆರಳು ಕೊಟ್ಟದ್ದು ಅಲ್ಲಿನ ರಾಮಕೃಷ್ಣಾಶ್ರಮ. ದೊಡ್ಡವರಾದವರ ಬದುಕಿನಲ್ಲೂ ‘ಎಲ್ಲಿ ಇದ್ದು ಓದಿದರು’ ಎಂಬುದು ಸಣ್ಣ ವಿಷಯವಾಗಿರಲಿಲ್ಲ.

ಪೀಣ್ಯದ ಮನೆಯಿಂದ ಮಗಳ ತರಗತಿಗೆ ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಹೋಗುವುದು ಬರುವುದು ಸೇರಿ ದಿನಕ್ಕೆ ಮೂರು ಗಂಟೆ. ತಿಂಗಳಿಗೆ 25 ದಿನವಾದರೆ 75 ಗಂಟೆ ಬಸ್ಸಿನಲ್ಲೇ ಹೋಯಿತು. ಈ ಲೆಕ್ಕ ಹೇಳಿದ ಮೇಲೆ ಹೆಂಡತಿ ಸುಮ್ಮನಾದಳು.

ಎರಡು ಶಕ್ತಿ, ನಡುವೆ ನಾವು

ಬಸ್ಸಿನ ಮಾತು ಬಂದಾಗ ಗಡಿಯವರ ಒಂದು ಪಾಡು ಹೇಳಲೇಬೇಕು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಆದರೆ ಅದು ಕರ್ನಾಟಕದ ವಿಳಾಸ ಇರುವವರಿಗೆ. ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ ‘ಸ್ತ್ರೀ ಶಕ್ತಿ’ ಬಂತು. ಅದು ಆಂಧ್ರದ ಒಳಗಿನ ಓಡಾಟಕ್ಕೆ ಮಾತ್ರ, ರಾಜ್ಯ ದಾಟುವ ಬಸ್ಸಿಗಲ್ಲ. ನನ್ನ ಮಗಳ ಆಧಾರ್ ಆಂಧ್ರದ್ದು, ಓದು ಬೆಂಗಳೂರಿನಲ್ಲಿ. ಹೀಗಾಗಿ ಪಕ್ಕದಲ್ಲಿ ಕೂತ ಸಿರಾದ ಹುಡುಗಿಗೆ ಟಿಕೆಟ್ ಇಲ್ಲ, ಇವಳಿಗೆ ಇದೆ. ‘ದೂರ ಇದ್ದರೇನು, ಹುಡುಗಿಯರಿಗೆ ಬಸ್ಸು ಪುಕ್ಕಟೆಯಲ್ಲವೇ’ ಎಂದು ಬೆಂಗಳೂರಿನವರು ಹೇಳುವ ಲೆಕ್ಕ ನಮಗೆ ಹೊಂದುವುದಿಲ್ಲ. ರೂಮು ದೂರವಾದಷ್ಟೂ ನಮ್ಮ ಜೇಬಿನಿಂದಲೇ ಹೋಗುತ್ತದೆ.

ಹಾಸ್ಟೆಲಿನ ವಿಷಯದಲ್ಲೂ ಇದೇ ಕತೆ. ಕರ್ನಾಟಕದ ಹಿಂದುಳಿದ ವರ್ಗ, ಸಮಾಜ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿನಿಲಯಗಳಿಗೆ ಅರ್ಜಿ ಕಂಪ್ಯೂಟರಿನಲ್ಲಿ ಹಾಕಬೇಕು. ಅದು ಜಾತಿ ಮತ್ತು ಆದಾಯ ಪತ್ರದ ಆರ್.ಡಿ. ನಂಬರು ಕೇಳುತ್ತದೆ. ಆ ನಂಬರು ಬರುವುದು ಕರ್ನಾಟಕದ ನಾಡಕಚೇರಿಯಿಂದ. ನಮ್ಮ ತಹಸೀಲ್ದಾರರು ಕೊಟ್ಟ ಪತ್ರದಲ್ಲಿ ಅದೆಲ್ಲಿಂದ ಬರಬೇಕು? ನಾನು ಹೋದ ಕಚೇರಿಯೊಂದರಲ್ಲಿ ಗುಮಾಸ್ತರು ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಯಜಮಾನರೇ, ನಿಮ್ಮ ಕನ್ನಡ ನಮಗಿಂತ ಚೆನ್ನಾಗಿದೆ, ಪತ್ರ ಮಾತ್ರ ತೆಲುಗು” ಎಂದು ನಕ್ಕರು. ನಗು ನನಗೂ ಬಂತು, ಆದರೆ ಕೆಲಸ ಆಗಲಿಲ್ಲ.

ಜಾತಿಯ ಪಟ್ಟಿಯೇ ಗಡಿ ದಾಟಿದರೆ ಬದಲಾಗುತ್ತದೆ. ಕರ್ನಾಟಕದಲ್ಲಿ ನಾಯಕ, ಬೇಡ, ವಾಲ್ಮೀಕಿ ಎಂದು ಕರೆಸಿಕೊಳ್ಳುವವರು 1991ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ. ಅದೇ ರಕ್ತಸಂಬಂಧದ ನಮ್ಮ ಅನಂತಪುರ ಸೀಮೆಯ ಬೋಯರು ಆಂಧ್ರದಲ್ಲಿ ಹಿಂದುಳಿದ ವರ್ಗ. ಅಕ್ಕನ ಮಗನಿಗೆ ಪಾವಗಡದಲ್ಲಿ ಒಂದು ಪತ್ರ, ತಂಗಿಯ ಮಗನಿಗೆ ಮಡಕಶಿರಾದಲ್ಲಿ ಇನ್ನೊಂದು. ಒಂದು ರಾಜ್ಯದ ಜಾತಿ ಪತ್ರ ಇನ್ನೊಂದು ರಾಜ್ಯದ ಹಾಸ್ಟೆಲಿನಲ್ಲಿ ನಡೆಯುತ್ತದೆ ಎಂದು ನಂಬಿಕೊಂಡು ಹೋಗಬಾರದು.

ಹಾಗಂತ ಎಲ್ಲ ಬಾಗಿಲೂ ಮುಚ್ಚಿಲ್ಲ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಉಂಟು. ತಂದೆತಾಯಿಯ ಆದಾಯ ವರ್ಷಕ್ಕೆ ಎರಡೂವರೆ ಲಕ್ಷದೊಳಗಿರಬೇಕು. ಮಗು ಯಾವ ರಾಜ್ಯದಲ್ಲಿ ಓದಿದರೂ ಅದನ್ನು ಕೊಡಬೇಕಾದ್ದು ತವರಿನ ರಾಜ್ಯ. ಅಂದರೆ ನಮ್ಮವರು ಕೇಳಬೇಕಾದ್ದು ಬೆಂಗಳೂರಿನಲ್ಲಲ್ಲ, ನಮ್ಮ ಜಿಲ್ಲೆಯಲ್ಲಿ. ಕರ್ನಾಟಕದ ವೃತ್ತಿ ಶಿಕ್ಷಣದ ಸೀಟುಗಳಿಗೆ ಗಡಿನಾಡು, ಹೊರನಾಡು ಕನ್ನಡಿಗರೆಂದು ಅರ್ಜಿ ಹಾಕಲು ಅವಕಾಶ ಉಂಟು, ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಆದರೆ ಸೀಟು ಬೇರೆ, ಹಾಸಿಗೆ ಬೇರೆ. ಸೀಟಿನ ಮೀಸಲಾತಿ ಹಾಸ್ಟೆಲಿಗೂ ತಾನಾಗಿ ಬರುತ್ತದೆ ಎಂದು ತಿಳಿಯಬೇಡಿ, ಬೇರೆಯಾಗಿ ಕೇಳಿ.

‘ಮನವಾಳ್ಳೇ’ ಎಂದ ಮಾಲೀಕ

ವಿಶ್ವವಿದ್ಯಾನಿಲಯದ ಹಾಸ್ಟೆಲಿಗೆ ಮಗಳು ಅರ್ಜಿ ಹಾಕಿದಳು. ಮೊದಲ ಪಟ್ಟಿಯಲ್ಲಿ ಹೆಸರಿಲ್ಲ. ತರಗತಿ ಶುರುವಾಗಲು ಮೂರೇ ದಿನ. ರೇಷ್ಮೆಗೂಡು ಮಾರಿದ ದುಡ್ಡು ಒಳಜೇಬಿನಲ್ಲಿಟ್ಟುಕೊಂಡು ಅಪ್ಪ ಮಗಳು ಹಿಂದೂಪುರದಲ್ಲಿ ರೈಲು ಹತ್ತಿದೆವು.

ಬೆಂಗಳೂರಿನಲ್ಲಿ ಪಿ.ಜಿ.ಗಳಿಗೆ ಬರವಿಲ್ಲ. ಒಂದೇ ಬೀದಿಯಲ್ಲಿ ಎಂಟು ಬೋರ್ಡು. ಅರ್ಧಕ್ಕರ್ಧ ಬೋರ್ಡಿನಲ್ಲಿ ‘ಆಂಧ್ರ ಊಟ’ ಅಂತ ಬರೆದಿದೆ. ಮೂರನೆಯ ಕಟ್ಟಡದ ಮಾಲೀಕರು ನನ್ನ ಪಂಚೆ ನೋಡಿ, “ಮೀದಿ ಏ ಊರಂಡಿ?” ಎಂದರು. “ಮಡಕಶಿರಾ” ಎಂದೆ. “ಅಯ್ಯೋ, ಮನವಾಳ್ಳೇ!” ಎಂದು ಕೈ ಹಿಡಿದುಕೊಂಡರು. ಕಾಫಿ ತರಿಸಿದರು. ಮಳೆ ಬೆಳೆ ವಿಚಾರಿಸಿದರು. ಇಡೀ ದಿನ ಸುತ್ತಿ ಸುಸ್ತಾಗಿದ್ದ ನನಗೆ ನಮ್ಮೂರ ಕಟ್ಟೆಯ ಮೇಲೆ ಕೂತಂತಾಯಿತು. ರೂಮು ತೋರಿಸಿದರು. ಗೋಡೆಗೆ ಹೊಸ ಬಣ್ಣ, ಹಾಸಿಗೆಗೆ ಹೊಸ ಹೊದಿಕೆ. ನಾಲ್ವರ ರೂಮು, ಊಟ ಸೇರಿ ತಿಂಗಳಿಗೆ 6,500, ಅಡ್ವಾನ್ಸು ಇನ್ನೊಂದು 6,500. ಮಗಳು, “ಅಪ್ಪಾ, ಇನ್ನೊಂದೆರಡು ನೋಡೋಣ” ಅಂದಳು. ನಾನು, “ನಮ್ಮ ಕಡೆಯವರು ಕಣಮ್ಮಾ” ಅಂದೆ. ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಒಂದು ಹಾಳೆಗೆ ರುಜು ಹಾಕಿ ದುಡ್ಡು ಕೊಟ್ಟು ಸಂಜೆ ರೈಲಿಗೆ ಊರಿಗೆ ಬಂದೆ. ಮಧ್ಯಾಹ್ನ ಮೂರು ಗಂಟೆಗೆ ನೋಡಿದ ರೂಮು. ಎಣ್ಣೆ ಮಿಲ್ಲು ನೋಡಿದ ನಮ್ಮಪ್ಪನಂತೆಯೇ.

ವಾರಕ್ಕೆ ಫೋನು ಬಂತು. ಬೆಳಿಗ್ಗೆ ಏಳಕ್ಕೆ ನೀರು ನಿಂತುಹೋಗುತ್ತದೆ, ಟ್ಯಾಂಕರು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ಮಹಡಿಗೆ ಎರಡು ಬಚ್ಚಲು, ಹದಿನಾರು ಹುಡುಗಿಯರು. ರಾತ್ರಿ ಎಂಟೂವರೆ ದಾಟಿದರೆ ಅನ್ನ ಇರುತ್ತದೆ, ಸಾರು ಇರುವುದಿಲ್ಲ. ಪ್ರಯೋಗಶಾಲೆ ಮುಗಿಸಿ ಬರುವ ಹುಡುಗಿಗೆ ಎಂಟೂವರೆ ಆಗುವುದು ಸಾಮಾನ್ಯ. ರೂಮಿನಲ್ಲಿ ಮೇಜು ಇಡಲು ಜಾಗವಿಲ್ಲ, ಹಾಸಿಗೆಯ ಮೇಲೇ ಓದಬೇಕು.

ನಾನು ಹೋದೆ. ಈ ಸಲ ಕಾಫಿ ಬರಲಿಲ್ಲ. ರೂಮನ್ನು ಹೆಜ್ಜೆಯಲ್ಲಿ ಅಳೆದೆ. ಹತ್ತು ಅಡಿಗೆ ಹನ್ನೆರಡು, ಅಂದರೆ 120 ಚದರ ಅಡಿ, ನಾಲ್ಕು ಮಂಚ. ಆಮೇಲೆ ಮಗಳು ಒಂದು ವಿಷಯ ಹುಡುಕಿ ತೋರಿಸಿದಳು. ಆಗಿನ ಬೆಂಗಳೂರು ಮಹಾನಗರ ಪಾಲಿಕೆ 2024ರ ಆಗಸ್ಟಿನಲ್ಲೇ ಪಿ.ಜಿ.ಗಳಿಗೆ ನಿಯಮ ಹೊರಡಿಸಿತ್ತು. ತಲೆಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿ.ಸಿ. ಕ್ಯಾಮರಾ, ಬೆಂಕಿ ಆರಿಸುವ ವ್ಯವಸ್ಥೆ, ಅಡುಗೆಮನೆಗೆ ಆಹಾರ ಸುರಕ್ಷತೆಯ ಲೈಸೆನ್ಸು, ಹಗಲು ರಾತ್ರಿ ಕಾವಲು ಇರಬೇಕು ಎಂದು. ನಾಲ್ವರಿಗೆ 280 ಚದರ ಅಡಿ ಬೇಕಿತ್ತು, ಇದ್ದದ್ದು ಅದರ ಅರ್ಧಕ್ಕಿಂತ ಕಡಿಮೆ. 135 ಲೀಟರ್ ಅಂದರೆ ಹತ್ತು ಲೀಟರಿನ ಬಿಂದಿಗೆಯಲ್ಲಿ ಹದಿಮೂರೂವರೆ ಬಿಂದಿಗೆ. ಅಲ್ಲಿ ಸಿಗುತ್ತಿದ್ದದ್ದು ನಾಲ್ಕು. ಅದೇ 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಹಾಹಾಕಾರ ಎದ್ದಿದ್ದನ್ನು ಪೇಪರಿನಲ್ಲಿ ನಾನೇ ಓದಿದ್ದೆ. ಓದಿದ್ದೂ ನೀರಿನ ಮಾತು ಕೇಳಿರಲಿಲ್ಲ. ಹೊಲ ಕೊಳ್ಳುವಾಗ ಮೊದಲು ಬಾವಿಗೆ ಇಣುಕಿ ನೋಡುವ ರೈತ, ಮಗಳ ರೂಮಿನಲ್ಲಿ ಗೋಡೆಯ ಬಣ್ಣ ನೋಡಿದ್ದೆ.

ನಲವತ್ತನೇ ದಿನಕ್ಕೆ ಹಾಸ್ಟೆಲಿನ ಎರಡನೇ ಪಟ್ಟಿಯಲ್ಲಿ ಹೆಸರು ಬಂತು. ಪಿ.ಜಿ. ಬಿಡುತ್ತೇವೆ ಎಂದಾಗ ಮಾಲೀಕರು ನಾನು ರುಜು ಹಾಕಿದ್ದ ಹಾಳೆ ತೆಗೆದರು. ಒಂದು ತಿಂಗಳು ಮುಂಚೆ ಹೇಳದೆ ಬಿಟ್ಟರೆ ಅಡ್ವಾನ್ಸು ಇಲ್ಲ ಅಂತ ಅದರಲ್ಲಿ ಬರೆದಿತ್ತು. “ನೇನೇಂ ಚೇಸೇದಂಡಿ, ರೂಲು” ಎಂದರು. ಆರೂವರೆ ಸಾವಿರ ಹೋಯಿತು. ಅವರನ್ನು ಬೈದು ಪ್ರಯೋಜನವಿಲ್ಲ. ಭಾಷೆ ಒಂದಾದ ಮಾತ್ರಕ್ಕೆ ವ್ಯವಹಾರ ಒಂದಾಗುವುದಿಲ್ಲ ಎಂಬುದು ಮಂಡಿಯಲ್ಲಿ ಮೂವತ್ತು ವರ್ಷ ನಿಂತ ನನಗೆ ಗೊತ್ತಿರಬೇಕಿತ್ತು.

ಹೊಲ ನೋಡಿದಂತೆ ನೋಡಿ

ಆ ಆರೂವರೆ ಸಾವಿರಕ್ಕೆ ನಾನು ಕಲಿತದ್ದನ್ನು ಗಡಿಯ ಬಾಂಧವರಿಗೆ ಪುಕ್ಕಟೆಯಾಗಿ ಹೇಳುತ್ತೇನೆ. ಹೊಲ ಕೊಳ್ಳುವವನು ಏನೇನು ನೋಡುತ್ತಾನೋ ರೂಮಿಗೂ ಅದನ್ನೇ ನೋಡಬೇಕು.

ಮೊದಲು ನೀರು. ಕಾವೇರಿ ನೀರು ಬರುತ್ತದೆಯೋ, ಬೋರೋ, ಟ್ಯಾಂಕರೋ? ಬೇಸಿಗೆಯಲ್ಲಿ ಏನು ಮಾಡುತ್ತಾರೆ? ಮಾಲೀಕರನ್ನು ಕೇಳಬೇಡಿ, ಅಲ್ಲಿರುವ ಮಕ್ಕಳನ್ನು ಕೇಳಿ. ನಲ್ಲಿ ತಿರುಗಿಸಿ ನೋಡಿ, ಅದೂ ಬೆಳಿಗ್ಗೆ ಏಳು ಗಂಟೆಗೆ, ಎಲ್ಲರೂ ಸ್ನಾನಕ್ಕೆ ನಿಲ್ಲುವ ಹೊತ್ತಿಗೆ.

ಎರಡನೆಯದು ದಾರಿ. ತರಗತಿಯಿಂದ ರೂಮಿಗೆ ಸಂಜೆ ಏಳರ ಮೇಲೆ ಒಮ್ಮೆ ನಡೆದು ನೋಡಿ. ಬೀದಿದೀಪ ಇದೆಯೇ, ಅಂಗಡಿ ತೆರೆದಿರುತ್ತವೆಯೇ? ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಂಥ ಆವರಣ ಸಾವಿರ ಎಕರೆಗೂ ಹೆಚ್ಚು. ಗೇಟಿಗೆ ಹತ್ತಿರ ಎಂದರೆ ವಿಭಾಗಕ್ಕೆ ಹತ್ತಿರ ಎಂದು ಅರ್ಥವಲ್ಲ. 2021ರಲ್ಲಿ ಆ ಕಡೆಗೆ ಮೆಟ್ರೋ ಬಂದ ಮೇಲೆ ದೂರದ ಬಡಾವಣೆಯ ರೂಮನ್ನೂ ‘ಕ್ಯಾಂಪಸ್ಸಿಗೆ ಹತ್ತಿರ’ ಅಂತಲೇ ತೋರಿಸುತ್ತಾರೆ. ಇಳಿದ ಮೇಲೆ ಎಷ್ಟು ನಡೆಯಬೇಕು ಎಂದು ಕೇಳಿ.

ಮೂರನೆಯದು ಬದುವಿನ ನೆರೆಹೊರೆ. ಹೊಲಕ್ಕೆ ಪಕ್ಕದವನು ಕೆಟ್ಟವನಾದರೆ ಬೆಳೆ ಮನೆಗೆ ಬರುವುದಿಲ್ಲ. ರೂಮಿನಲ್ಲಿ ಯಾರಿದ್ದಾರೆ, ಓದುವವರೋ, ರಾತ್ರಿ ಪಾಳಿಯ ಕೆಲಸದವರೋ? ರಾತ್ರಿ ಪಾಳಿಯವರು ಕೆಟ್ಟವರೇನಲ್ಲ, ಆದರೆ ಅವರು ಮಲಗುವ ಹೊತ್ತು ಬೇರೆ, ನಮ್ಮ ಮಕ್ಕಳು ದೀಪ ಹಾಕಿ ಓದುವ ಹೊತ್ತು ಬೇರೆ. ಹಾಸ್ಟೆಲಾದರೆ ರ‍್ಯಾಗಿಂಗ್ ವಿಷಯ ಕೇಳಿ. ಯುಜಿಸಿಯ 2009ರ ನಿಯಮದಂತೆ ಸಾಧ್ಯವಾದ ಕಡೆ ಹೊಸಬರಿಗೆ ಬೇರೆ ವಸತಿ ಇರಬೇಕು, ವಾರ್ಡನ್ ಯಾವ ಹೊತ್ತಿನಲ್ಲೂ ಸಿಗುವಂತಿರಬೇಕು. ಮಕ್ಕಳೂ ತಂದೆತಾಯಿಯೂ ಮುಚ್ಚಳಿಕೆ ಬರೆದುಕೊಡಬೇಕು. ದೂರು ಹೇಳಲು 1800-180-5522 ಎಂಬ ಉಚಿತ ಸಹಾಯವಾಣಿ ಉಂಟು. ಆ ನಂಬರನ್ನು ಮಗುವಿನ ಫೋನಿನಲ್ಲಿ ನೀವೇ ಹಾಕಿಕೊಡಿ.

ನಾಲ್ಕನೆಯದು ಕಾಗದ. ನಮ್ಮಲ್ಲಿ ಅಡಂಗಲ್, ಆ ಕಡೆ ಪಹಣಿ. ಅದನ್ನು ನೋಡದೆ ಒಂದು ಗುಂಟೆ ಕೊಳ್ಳುತ್ತೇವೆಯೇ? ಹಾಗೆಯೇ ಹಾಳೆ ಓದದೆ ರುಜು ಹಾಕಬೇಡಿ. ಇಂಗ್ಲಿಷು ಬಾರದಿದ್ದರೆ ಮಗುವಿನ ಕೈಲಿ ಓದಿಸಿ. ಕೇಳಬೇಕಾದ್ದು ನಾಲ್ಕೇ ಮಾತು: ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು? ಅಡ್ವಾನ್ಸಿನಲ್ಲಿ ಏನೇನು ಹಿಡಿಯುತ್ತೀರಿ? ರಜೆಯಲ್ಲಿ ಊರಿಗೆ ಹೋದರೂ ಪೂರ್ತಿ ಕೊಡಬೇಕೇ? ಕರೆಂಟು ಇದರಲ್ಲೇ ಸೇರಿದೆಯೇ? ಕೊಟ್ಟ ದುಡ್ಡಿಗೆ ರಸೀದಿ ತೆಗೆದುಕೊಳ್ಳಿ. ಬಿಲ್ಲಿನ ಮೇಲೆ ಜಿ.ಎಸ್.ಟಿ. ಸೇರಿಸಿದರೆ ಪ್ರಶ್ನೆ ಕೇಳಿ. ತಿಂಗಳಿಗೆ ತಲೆಗೆ 20,000 ರೂಪಾಯಿಯೊಳಗಿನ, ಒಂದೇ ಸಮನೆ 90 ದಿನಕ್ಕೆ ಕಡಿಮೆಯಿಲ್ಲದ ಇಂಥ ವಸತಿಗೆ ಜಿ.ಎಸ್.ಟಿ. ಮಂಡಳಿ 2024ರ ಜೂನಿನಲ್ಲೇ ವಿನಾಯಿತಿ ಕೊಟ್ಟಿದೆ.

ಐದನೆಯದು ಪೂರ್ತಿ ಖರ್ಚು. ನಾವು ವಿಚಾರಿಸಿದಾಗ ನಾಲ್ವರು ಕೂಡಿ ಹಿಡಿಯುವ ಸಣ್ಣ ಮನೆಗೆ ಬಾಡಿಗೆ 12,000, ಅಡ್ವಾನ್ಸು 60,000 ಹೇಳಿದರು. ತಲೆಗೆ 3,000 ಎಂದು ಕೇಳಲು ಅಗ್ಗ. ಅದರ ಮೇಲೆ ದಿನಸಿ, ಗ್ಯಾಸು, ಕರೆಂಟು, ನೀರಿನ ಕ್ಯಾನು ಸೇರಿಸಿದರೆ ಪಿ.ಜಿ.ಯ ಹತ್ತಿರಕ್ಕೇ ಬರುತ್ತದೆ. ಅಡುಗೆಗೆ ದಿನಕ್ಕೆ ಎರಡು ಗಂಟೆ ಬೇರೆ. ನಡುವೆ ಒಬ್ಬಳು ಬಿಟ್ಟುಹೋದರೆ ಅವಳ ಪಾಲೂ ಉಳಿದವರ ತಲೆಗೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸು ಕೇಳುವ ಹಳೆಯ ರೂಢಿಯೂ ಇದೆ. ಕೇಂದ್ರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸು ಬೇಡ ಎನ್ನುತ್ತದೆ. ಆದರೆ ಅದು ಮಾದರಿ, ಆಯಾ ರಾಜ್ಯ ಒಪ್ಪಿ ಕಾನೂನು ಮಾಡಿದರೆ ಮಾತ್ರ ನಡೆಯುತ್ತದೆ.

ಇಷ್ಟೆಲ್ಲಾ ನೋಡಿದ ಮೇಲೆ ನನ್ನ ಅಭಿಪ್ರಾಯ ಕೇಳಿದರೆ, ಮೊದಲ ವರ್ಷಕ್ಕೆ ವಿಶ್ವವಿದ್ಯಾನಿಲಯದ ಹಾಸ್ಟೆಲೇ ವಾಸಿ. ಹಾಸ್ಟೆಲು ಅರಮನೆಯಲ್ಲ. ನನ್ನ ಮಗಳ ಹಾಸ್ಟೆಲಿನ ಕಿಟಕಿಯ ಒಂದು ಬಾಗಿಲು ಹೋದ ಮಳೆಗಾಲದಿಂದ ಮುಚ್ಚುತ್ತಿಲ್ಲ. ಸಾರು ನೀರು ನೀರು. ಆದರೆ ಮೆಸ್ಸಿನ ಖರ್ಚನ್ನು ಉಂಡವರೆಲ್ಲಾ ಹಂಚಿಕೊಳ್ಳುವ ಪದ್ಧತಿ, ಅದರಲ್ಲಿ ಯಾರ ಲಾಭವೂ ಇಲ್ಲ. ಅವಳಿಗೆ ತಿಂಗಳಿಗೆ ನಾಲ್ಕು ಸಾವಿರ ದಾಟಿಲ್ಲ. ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಒಂದು ತಟ್ಟೆ ಎತ್ತಿಟ್ಟಿರುತ್ತಾರೆ. ಲೈಬ್ರರಿ ಹತ್ತು ನಿಮಿಷದ ದಾರಿ. ಎಲ್ಲಕ್ಕಿಂತ ಹೆಚ್ಚಾಗಿ, ಮೇಲಿನ ತರಗತಿಯವರು ಅಲ್ಲೇ ಇರುತ್ತಾರೆ. ಯಾವ ಪುಸ್ತಕ ಓದಬೇಕು, ಯಾವ ಪರೀಕ್ಷೆಗೆ ಅರ್ಜಿ ಹಾಕಬೇಕು ಎಂಬುದನ್ನು ನಮ್ಮಂಥ ಮನೆಯ ಮಕ್ಕಳಿಗೆ ಹೇಳಿಕೊಡುವವರು ಅವರೇ. ಪಿ.ಜಿ.ಯಲ್ಲಿ ಹಾಸಿಗೆ ಸಿಗುತ್ತದೆ, ಆ ಮಾತು ಸಿಗುವುದಿಲ್ಲ.

ಹಾಸ್ಟೆಲು ಸಿಗಬೇಕಾದರೆ ಸೀಟಿನ ಅರ್ಜಿಯ ದಿನವೇ ಅದರ ಕೊನೆಯ ದಿನಾಂಕವನ್ನೂ ವಿಚಾರಿಸಬೇಕು. ಮೊದಲ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಬಿಡಬೇಡಿ. ಬೇರೆ ಕಾಲೇಜಿಗೆ ಹೋದವರ ಜಾಗ ಖಾಲಿಯಾಗಿ ಎರಡನೇ ಪಟ್ಟಿ ಬರುವುದುಂಟು. ಅಲ್ಲಿಯವರೆಗೆ ಪಿ.ಜಿ. ಹಿಡಿಯುವುದಾದರೆ ತಿಂಗಳ ಲೆಕ್ಕದಲ್ಲಿ ಮಾತ್ರ ಹಿಡಿಯಿರಿ. ‘ಹಾಸ್ಟೆಲು ಸಿಕ್ಕರೆ ಬಿಡುತ್ತೇವೆ’ ಎಂದು ಮೊದಲೇ ಹೇಳಿ, ಅದನ್ನೂ ಹಾಳೆಯಲ್ಲಿ ಬರೆಸಿ. ಈ ಒಂದು ಸಾಲು ಬರೆಸಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಕೊನೆಯ ಮಾತು, ತೀರ್ಮಾನ ಮಗುವಿನದೂ ಆಗಿರಲಿ. ‘ಇನ್ನೊಂದೆರಡು ನೋಡೋಣ’ ಎಂದು ಆವತ್ತು ನನ್ನ ಮಗಳು ಹೇಳಿದ್ದಳು. ಮಲಗಿ ಏಳುವವಳು ಅವಳು, ರುಜು ಹಾಕಿದವನು ನಾನು.

ಏಳು ಗಂಟೆಯ ನಲ್ಲಿ

ಈಗ ಅವಳು ಎರಡನೇ ವರ್ಷದಲ್ಲಿದ್ದಾಳೆ. ರೂಮಿನಲ್ಲಿ ಮೂವರು. ಒಬ್ಬಳು ಕಲಬುರಗಿಯವಳು, ಒಬ್ಬಳು ಚಿತ್ತೂರಿನವಳು. ಕಲಬುರಗಿಯ ಹುಡುಗಿಗೆ ತೆಲುಗು ಬಾರದು, ಚಿತ್ತೂರಿನವಳಿಗೆ ಕನ್ನಡ ಅಷ್ಟಕ್ಕಷ್ಟೆ. ಜಗಳವಾದರೆ ಎರಡೂ ಕಡೆ ತರ್ಜುಮೆ ಮಾಡಿ ರಾಜಿ ಮಾಡಿಸುವುದು ನಮ್ಮ ಮಡಕಶಿರಾದವಳ ಕೆಲಸ. ಊರಿಂದ ಬರುವಾಗ ರಾಗಿಹಿಟ್ಟು ಬೇಡ, ಚಟ್ನಿಪುಡಿ ಮಾತ್ರ ಎರಡು ಡಬ್ಬ ಹೆಚ್ಚು ಬೇಕು ಅನ್ನುತ್ತಾಳೆ. ಮೂವರೂ ತಿನ್ನುತ್ತಾರಂತೆ.

ಮೊನ್ನೆ ಅಮರಾಪುರದ ಕಡೆಯ ರೈತರೊಬ್ಬರು ಗೂಡಿನ ಮಾರುಕಟ್ಟೆಯಲ್ಲಿ ಸಿಕ್ಕರು. ಅವರ ಮಗಳಿಗೂ ಬೆಂಗಳೂರಿನಲ್ಲೇ ಸೀಟು. ಹಾಸ್ಟೆಲಿನ ಪಟ್ಟಿ ಬರುವವರೆಗೆ ಎಲ್ಲಿ ಇರಿಸುವುದು ಎಂದು ನನ್ನ ಹತ್ತಿರ ಬಂದಿದ್ದರು. ಅಲ್ಲೇ ನಿಂತು ಮಗಳಿಗೆ ಫೋನು ಹಚ್ಚಿ ಅವರ ಕೈಗೆ ಕೊಟ್ಟೆ. ಅವಳು ಅವರಿಗೆ ಹೇಳಿದ್ದು ನನಗೂ ಕೇಳಿಸಿತು:

“ಮಾವಾ, ಹಗಲು ಬಂದು ವಾಪಸ್ ಹೋಗ್ಬೇಡಿ. ಸಂಜೆ ರೈಲಿಗೆ ಬನ್ನಿ, ದಾರಿ ತೋರಿಸ್ತೀನಿ. ರಾತ್ರಿ ಅಲ್ಲೇ ಯಾರಾದ್ರೂ ನೆಂಟರ ಮನೇಲಿ ಇದ್ದು, ಬೆಳಿಗ್ಗೆ ಏಳು ಗಂಟೆಗೆ ಮೂರು ಪಿ.ಜಿ.ಯಲ್ಲಿ ನಲ್ಲಿ ತಿರುಗಿಸಿ ನೋಡೋಣ. ಆಮೇಲೆ ಯಾವುದು ಅಂತ ನಿಮ್ಮ ಮಗಳೇ ಹೇಳ್ತಾಳೆ.”

ಅವರು ಫೋನು ವಾಪಸು ಕೊಡುತ್ತಾ, “ನಿಮ್ಮ ಹುಡುಗಿ ಗಟ್ಟಿ ಇದ್ದಾಳೆ ಕಣ್ರೀ” ಎಂದರು. ಹೌದು ಎಂದೆ. ಗೂಡಿನ ಹರಾಜು ಕೂಗುತ್ತಿದ್ದರು, ಇಬ್ಬರೂ ಅತ್ತ ಹೋದೆವು.